ಬೀಗ ಹಾಕಿದ ಮನೆಗಳು, ಬದಲಾಗುವ ಗಡಿಗಳು

(ಕೊಪ್ಪಳದಲ್ಲಿ 2025ರ ಡಿಸೆಂಬರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಎರಡು ತಿಂಗಳ ಹಿಂದೆ ನನ್ನ ತಂಗಿಯ ಮಗ ಅಮೆರಿಕದಿಂದ ಫೋನು ಮಾಡಿದ್ದ. ಗಂಗಾವತಿಯಲ್ಲಿ ಹುಟ್ಟಿ, ಅಲ್ಲಿಯ ಸಾಲಿಯಲ್ಲೇ ಓದಿ, ಈಗ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿ ಅಲ್ಲಿನ ಓಟಿನ ಹಕ್ಕು ಪಡೆದವನು. ‘ಮಾಮಾ, ನವೆಂಬರ್ ನಾಲ್ಕಕ್ಕ ಇಲ್ಲಿ ಓಟು ಐತಿ. ಯಾರನ್ನೂ ಆರಿಸೂದಲ್ಲ. ಕ್ಷೇತ್ರದ ಗಡಿ ಯಾರು ಬರದದ್ದು ನಡೀಬೇಕು ಅನ್ನೂದಕ್ಕ ಓಟು. ಹೌದು ಅನ್ಲೋ, ಬ್ಯಾಡ ಅನ್ಲೋ ತಿಳೀವಲ್ದು’ ಅಂದ.

ಅವನ ತೊಡಕು ನಿಜವಾದದ್ದು. ಆ ರಾಜ್ಯದ ಮತದಾರರು 2008ರಲ್ಲಿ ಒಮ್ಮೆ, 2010ರಲ್ಲಿ ಇನ್ನೊಮ್ಮೆ ಓಟು ಹಾಕಿ ಗಡಿ ಬರೆಯುವ ಕೆಲಸವನ್ನು ಶಾಸಕರ ಕೈಯಿಂದ ಕಿತ್ತುಕೊಂಡಿದ್ದರು. ಹದಿನಾಲ್ಕು ಜನ ಸಾಮಾನ್ಯ ನಾಗರಿಕರ ಆಯೋಗಕ್ಕೆ ಕೊಟ್ಟಿದ್ದರು: ಒಂದು ಪಕ್ಷದ ಐವರು, ಇನ್ನೊಂದು ಪಕ್ಷದ ಐವರು, ಎರಡಕ್ಕೂ ಸೇರದ ನಾಲ್ವರು. ಈ ವರ್ಷ ಟೆಕ್ಸಾಸ್ ರಾಜ್ಯ ಜನಗಣತಿಗೂ ಕಾಯದೆ ನಡುವೆಯೇ ತನ್ನ ಗಡಿಗಳನ್ನು ಒಂದು ಪಕ್ಷಕ್ಕೆ ಅನುಕೂಲವಾಗುವಂತೆ ತಿದ್ದಿತು. ಅದಕ್ಕೆ ಉತ್ತರವಾಗಿ ಕ್ಯಾಲಿಫೋರ್ನಿಯಾದ ಆಳುವವರು, ಆಯೋಗದ ನಕ್ಷೆಯನ್ನು 2030ರವರೆಗೆ ಬದಿಗಿಟ್ಟು ಶಾಸನಸಭೆ ಒಪ್ಪಿದ ನಕ್ಷೆಯನ್ನು ಬಳಸುತ್ತೇವೆ, ಒಪ್ಪಿಗೆ ಕೊಡಿ ಎಂದು ಜನರ ಮುಂದೆ ಹೋದರು. ಆಯೋಗದ ಮೇಲೆ ನನ್ನ ಅಳಿಯನಿಗೆ ಅಭಿಮಾನ. ಟೆಕ್ಸಾಸಿನದು ಅನ್ಯಾಯ ಎಂಬುದರಲ್ಲೂ ಅವನಿಗೆ ಅನುಮಾನವಿಲ್ಲ. ನಾನು ಹೇಳಿದ್ದು ಇಷ್ಟೇ: ‘ಯಾರಿಗೆ ಲಾಭ ಅಂತ ಆಮೇಲೆ ನೋಡಪ್ಪ. ನಿನಗ ಆಗದವರ ಕೈಯಾಗ ಅದೇ ಪೆನ್ನು ಇದ್ದಿದ್ರ ನೀ ಒಪ್ಪತಿದ್ದೇನು, ಅದನ್ನ ಮೊದಲು ಕೇಳ್ಕೊ.’ ಪ್ರಸ್ತಾವ ಗೆದ್ದಿತು. ಅವನು ಯಾವ ಕಡೆ ಒತ್ತಿದ ಎಂದು ನಾನು ಕೇಳಲಿಲ್ಲ. ಆದರೆ ಫೋನು ಇಟ್ಟ ಮೇಲೆ ಬಹಳ ಹೊತ್ತು ಸುಮ್ಮನೆ ಕೂತೆ. ನನ್ನ ವಯಸ್ಸಿಗೆ ಇಪ್ಪತ್ತಕ್ಕೂ ಹೆಚ್ಚು ಚುನಾವಣೆ ಕಂಡಿದ್ದೇನೆ, ಅದರಲ್ಲಿ ಅರ್ಧದಷ್ಟರಲ್ಲಿ ಮತಗಟ್ಟೆ ಕೆಲಸ ಮಾಡಿದ್ದೇನೆ. ಗಡಿ ಹೇಗಿರಬೇಕು ಎಂದು ಒಮ್ಮೆಯೂ ನನ್ನನ್ನು ಯಾರೂ ಕೇಳಿಲ್ಲ. ನಾನೂ ಹೋಗಿ ಹೇಳಿಲ್ಲ. ಈ ಉಪನ್ಯಾಸ ಆ ಎರಡನೆಯ ಮಾತಿನ ಮೇಲೆ ನಿಂತಿದೆ.

ನನ್ನ ತಂದೆ ಹುಟ್ಟಿದ ಮನೆಯಲ್ಲೇ ತೀರಿಕೊಂಡರು. ಆ ಮನೆ ಒಂದು ಅಡಿಯೂ ಸರಿದಿಲ್ಲ. ಆದರೆ ಅವರು ಮೊದಲ ಮಹಾಚುನಾವಣೆಯಲ್ಲಿ ಓಟು ಹಾಕಿದಾಗ ಅದು ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆ, ಲೋಕಸಭೆಗೆ ಕುಷ್ಟಗಿ ಕ್ಷೇತ್ರ. ಹೌದು, ಆಗ ಕುಷ್ಟಗಿಯ ಹೆಸರಿನಲ್ಲೇ ಲೋಕಸಭಾ ಕ್ಷೇತ್ರವಿತ್ತು, ಅಳವಂಡಿಯ ಶಿವಮೂರ್ತಿ ಸ್ವಾಮಿಗಳು ಪಕ್ಷೇತರರಾಗಿ ನಿಂತು ಗೆದ್ದಿದ್ದರು. 1956ರಲ್ಲಿ ರಾಜ್ಯ ಮೈಸೂರಾಯಿತು. 1957ರ ಚುನಾವಣೆಗೆ ಕ್ಷೇತ್ರ ಕೊಪ್ಪಳವಾಯಿತು. 1973ರಲ್ಲಿ ರಾಜ್ಯ ಕರ್ನಾಟಕವಾಯಿತು. 1997ರಲ್ಲಿ ಜಿಲ್ಲೆ ಕೊಪ್ಪಳವಾಯಿತು. ಗೆರೆಗಳೇ ಬಂದು ಬಂದು ಅವರ ಹೊಸ್ತಿಲು ದಾಟಿ ಹೋದವು. ಇದರಲ್ಲಿ ಕೆಲವು ಗೆರೆಗಳಿಗಾಗಿ ಜನ ಹೋರಾಡಿದ್ದರು, ಜೈಲಿಗೆ ಹೋಗಿದ್ದರು. ಏಕೀಕರಣದ ಗೆರೆ ಅಂಥದು, ಜಿಲ್ಲೆಯ ಗೆರೆಗೂ ಬಹಳ ವರ್ಷ ಕೂಗಿದ್ದೇವೆ. ಕ್ಷೇತ್ರದ ಗೆರೆಗೆ ಮಾತ್ರ ನಾವು ಬಾಯಿ ತೆರೆದವರಲ್ಲ.

ಈಗಿರುವ ಗಡಿಗಳು 2008ರವು. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಅಧ್ಯಕ್ಷತೆಯ ಪುನರ್‌ವಿಂಗಡಣಾ ಆಯೋಗ 2001ರ ಜನಗಣತಿ ಹಿಡಿದು ಬರೆದದ್ದು. ಆ ಹೊಸ ಗಡಿಗಳ ಮೇಲೆ ವಿಧಾನಸಭೆಗೆ ಮೊದಲು ಚುನಾವಣೆ ನಡೆಸಿದ ರಾಜ್ಯ ಕರ್ನಾಟಕ, ಆ ವರ್ಷದ ಮೇ ತಿಂಗಳಲ್ಲಿ. ಕೊಪ್ಪಳ ಜಿಲ್ಲೆಗೆ ಮೊದಲೂ ಐದು ಸೀಟು, ಆಮೇಲೂ ಐದು. ಆದ್ದರಿಂದ ಏನೂ ಆಗಿಲ್ಲ ಎಂದುಕೊಂಡೆವು. ಆದರೆ ಒಳಗೆ ಬಹಳ ಆಗಿತ್ತು. ಕೊಪ್ಪಳ ತಾಲೂಕಿನ ಇರಕಲ್ಲಗಡ ಹೋಬಳಿ ಗಂಗಾವತಿ ಕ್ಷೇತ್ರಕ್ಕೆ ಸೇರಿದೆ. ಅಲ್ಲಿಯವರು ಪಹಣಿಗೆ, ಜಾತಿ ಪ್ರಮಾಣಪತ್ರಕ್ಕೆ ಕೊಪ್ಪಳದ ತಹಶೀಲ್ದಾರ ಕಚೇರಿ ಮೆಟ್ಟಿಲು ಹತ್ತಬೇಕು, ಶಾಸಕರನ್ನು ಕಾಣಲು ಗಂಗಾವತಿ ದಾರಿ ಹಿಡಿಯಬೇಕು. ಲೋಕಸಭಾ ಕ್ಷೇತ್ರವಂತೂ ಮೂರು ಜಿಲ್ಲೆಗೆ ಕಾಲು ಚಾಚಿದೆ: ನಮ್ಮ ಐದರ ಜತೆಗೆ ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಹೊಳೆಯ ಆಚೆಗಿನ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ.

ಕನಕಗಿರಿಯ ಮಾತು ಬೇರೆ, ಅದನ್ನು ಸ್ವಲ್ಪ ನಿಂತು ಹೇಳಬೇಕು. ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಎನ್ನುವ ಊರು ಅದು. 2008ರವರೆಗೆ ಸಾಮಾನ್ಯ ಕ್ಷೇತ್ರವಾಗಿದ್ದುದು ಆಗ ಪರಿಶಿಷ್ಟ ಜಾತಿಗೆ ಮೀಸಲಾಯಿತು. ‘ನಮ್ಮ ಕ್ಷೇತ್ರ ಹೋತು’ ಎಂದು ಆಗ ಹಲವರು ಅಂದದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಎಲ್ಲಿಗೆ ಹೋಯಿತು? ಅದೇ ಹೊಲ, ಅದೇ ಕಾಲುವೆ, ಅದೇ ಮತದಾರರು. ಕಾಯ್ದೆಯ ಮಾತು ಸ್ಪಷ್ಟವಾಗಿದೆ: ಪರಿಶಿಷ್ಟ ಜಾತಿಯ ಕ್ಷೇತ್ರಗಳು ರಾಜ್ಯದ ಬೇರೆಬೇರೆ ಭಾಗಗಳಲ್ಲಿ ಹಂಚಿರಬೇಕು, ಆ ಜನರ ಪ್ರಮಾಣ ಹೆಚ್ಚಿರುವಲ್ಲಿ ಬರಬೇಕು. 1991ರಲ್ಲಿ ನಾಯಕ, ಬೇಡ, ವಾಲ್ಮೀಕಿ ಸಮುದಾಯಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಬಂದವು, ಆದರೂ ಗಡಿಗಳು 2008ರವರೆಗೆ ಹಳೆಯ ಲೆಕ್ಕದ ಮೇಲೇ ನಿಂತಿದ್ದವು. ಹೊಸ ಗಡಿ ಬಂದಾಗ ರಾಜ್ಯದಲ್ಲಿ ಪಂಗಡದ ಮೀಸಲು ಕ್ಷೇತ್ರ ಎರಡರಿಂದ ಹದಿನೈದಕ್ಕೇರಿತು. ಮಸ್ಕಿ, ಸಿರುಗುಪ್ಪ ಆ ಹದಿನೈದರಲ್ಲಿವೆ. ಗೆರೆ ತಡವಾದರೆ ನ್ಯಾಯ ಎಷ್ಟು ತಡವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಸಿಕ್ಕಿಲ್ಲ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ಗಡಿಗಳನ್ನು ಎಂದೆಂದೂ ಮುಟ್ಟಬಾರದು ಎನ್ನುವವರ ಜತೆ ನಾನಿಲ್ಲ.

ಮುಂದಿನ ಗೆರೆ ಯಾವಾಗ? 1976ರ ನಲವತ್ತೆರಡನೆಯ ತಿದ್ದುಪಡಿ ರಾಜ್ಯರಾಜ್ಯಗಳ ಸೀಟಿನ ಪಾಲನ್ನು 1971ರ ಜನಗಣತಿಗೆ ಕಟ್ಟಿಹಾಕಿತು. ಎಂಬತ್ತನಾಲ್ಕನೆಯ ತಿದ್ದುಪಡಿ ಆ ಕಟ್ಟನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಮುಂದುವರಿಸಿತು. ಈಗ ಪ್ರಕಟವಾಗಿರುವ ಜನಗಣತಿಯ ಗಣನೆಯ ದಿನ 2027ರ ಮಾರ್ಚ್ 1. ಅಂದರೆ ಕಟ್ಟು ಬಿಚ್ಚುವ ಜನಗಣತಿ ಅದೇ. 2023ರ ನೂರಾರನೆಯ ತಿದ್ದುಪಡಿ ಕೊಟ್ಟ ಮಹಿಳೆಯರ ಮೂರನೇ ಒಂದು ಪಾಲು ಕೂಡ ಜನಗಣತಿಯಾಗಿ ಪುನರ್‌ವಿಂಗಡಣೆಯಾದ ಮೇಲೆಯೇ ಕೈಗೆ ಬರುವಂಥದು. 1952ರ ಕುಷ್ಟಗಿಯಿಂದ ಇಂದಿನ ಕೊಪ್ಪಳದವರೆಗೆ ನಮ್ಮ ಲೋಕಸಭಾ ಕ್ಷೇತ್ರ ಒಬ್ಬ ಹೆಣ್ಣುಮಗಳನ್ನೂ ಆರಿಸಿಲ್ಲ. ಮುಂದಿನ ಸಾಲಿನಲ್ಲಿ ಕೂತ ತಾಯಂದಿರು ಇದನ್ನು ನೆನಪಿಡಬೇಕು.

ಇಷ್ಟಾದ ಮೇಲೆ ನಾನು ಎಷ್ಟೋ ವರ್ಷ ಎದೆಯಲ್ಲಿಟ್ಟುಕೊಂಡ ಒಂದು ಸಂಗತಿ ಹೇಳುತ್ತೇನೆ.

2001ರ ಫೆಬ್ರುವರಿಯಲ್ಲಿ ನಾನು ಗಣತಿದಾರ. ಕುಷ್ಟಗಿ ತಾಲೂಕಿನ ಒಂದು ತಾಂಡಾ ನನ್ನ ಪಾಲಿಗೆ ಬಂದಿತ್ತು. ಎಣಿಕೆ ಆ ತಿಂಗಳ 9ರಿಂದ 28ರವರೆಗೆ. ಮೊದಲ ದಿನ ಹೋದರೆ ಮೂರು ಮನೆಗೊಂದು ಮನೆ ಬೀಗ. ಜೋಳದ ರಾಶಿ ಮುಗಿದಿರಲಿ ಬಿಡಲಿ, ಮಳೆ ಕೈಕೊಟ್ಟ ವರ್ಷ ನಮ್ಮ ಎರೆಸೀಮೆಯಲ್ಲಿ ಫೆಬ್ರುವರಿ ಎಂದರೆ ಗುಳೆಯ ತಿಂಗಳು. ಗೋವಾಕ್ಕೆ, ಮಂಗಳೂರಿಗೆ, ಎಲ್ಲಕ್ಕಿಂತ ಹೆಚ್ಚಾಗಿ ಬೆಂಗಳೂರಿಗೆ. ಒಂದು ಕಟ್ಟೆಯ ಮೇಲೆ ಕೂತಿದ್ದ ಅಜ್ಜಿ ಎದುರಿನ ಬೀಗ ತೋರಿಸಿ ‘ನನ್ನ ಮಗಂದದು. ಅಂವ, ಸೊಸಿ, ಮೂರು ಹುಡುಗರು. ಯುಗಾದಿಗೆ ಬರ್ತಾರ ಮಾಸ್ತರ, ಬರಕೋರಿ’ ಅಂದಳು. ನಿಯಮ ನನ್ನ ಚೀಲದಲ್ಲಿತ್ತು. ಎಣಿಕೆಯ ಅವಧಿಯ ನಡುವೆ ಮನೆಗೆ ಬರುವವರಿದ್ದರೆ ಬರೆದುಕೊಳ್ಳಬಹುದು. ಅವಧಿ ಪೂರ್ತಿ ಹೊರಗಿರುವವರನ್ನು ಆ ಮನೆಯ ಲೆಕ್ಕಕ್ಕೆ ಹಿಡಿಯುವಂತಿಲ್ಲ, ಅವರು ಇರುವಲ್ಲೇ ಎಣಿಕೆಯಾಗಬೇಕು. ನಾನು ತಿಳಿಸಿ ಹೇಳಿದೆ. ಅಜ್ಜಿ ಕೇಳಿಸಿಕೊಂಡು, ‘ಹಂಗಾರ ಅವ್ರು ಈ ಊರಿಗೆ ಸತ್ತಂಗನಾ?’ ಎಂದಳು.

ಆ ಮಾತು ನನಗೆ ಚುಚ್ಚಿದ್ದು ಆವತ್ತು. ಅರ್ಥವಾದದ್ದು ಏಳು ವರ್ಷದ ಮೇಲೆ. 2008ರ ಮೇ ತಿಂಗಳಲ್ಲಿ ಅದೇ ಕಡೆ ನನಗೆ ಮತಗಟ್ಟೆಯ ಕೆಲಸ ಬಿತ್ತು. ಮಧ್ಯಾಹ್ನದ ಹೊತ್ತಿಗೆ ಟೆಂಪೋಗಳು ಬಂದು ನಿಂತವು, ಬೆಂಗಳೂರಿನಿಂದ ರಾತ್ರಿಯಿಡೀ ಬಂದ ಕುಟುಂಬಗಳು ಇಳಿದವು. ಆ ಅಜ್ಜಿಯ ಮಗನೂ ಇದ್ದ. ಪಟ್ಟಿಯಲ್ಲಿ ಅವನ ಹೆಸರಿತ್ತು, ಓಟು ಹಾಕಿದ. ಆವತ್ತು ನನಗೆ ಹೊಳೆಯಿತು: ಈ ಮನುಷ್ಯನ ಓಟು ಕುಷ್ಟಗಿಯದು, ತಲೆ ಬೆಂಗಳೂರಿನದು. ಕ್ಷೇತ್ರದ ಗಡಿ ಬರೆಯುವವರು ಹಿಡಿಯುವುದು ತಲೆಯ ಲೆಕ್ಕವನ್ನು. ಓಟು ಹಾಕಲು ಬರಲಿ ಎಂದು ಟೆಂಪೋ ಕಳಿಸುವವರಿದ್ದಾರೆ. ಎಣಿಕೆಗೆ ಬರಲಿ ಎಂದು ಟೆಂಪೋ ಕಳಿಸಿದವರನ್ನು ನಾನು ಈವರೆಗೆ ಕಂಡಿಲ್ಲ.

ಸ್ವಲ್ಪ ಅಂಕಿ ಕೇಳಿ, ಬೇಸರ ಮಾಡಿಕೊಳ್ಳಬೇಡಿ. ಕೊಪ್ಪಳ ಜಿಲ್ಲೆಯ ಜನ 2001ರಲ್ಲಿ 11,96,089. 2011ರಲ್ಲಿ 13,89,920. ನೂರಕ್ಕೆ 16ರಷ್ಟು ಬೆಳೆದೆವು. ರಾಜ್ಯ ಬೆಳೆದದ್ದೂ ಹೆಚ್ಚುಕಡಿಮೆ ಅಷ್ಟೇ. ಬೆಂಗಳೂರು ನಗರ ಜಿಲ್ಲೆ ಬೆಳೆದದ್ದು ನೂರಕ್ಕೆ 47. ರಾಜ್ಯದ 6 ಕೋಟಿ 11 ಲಕ್ಷ ಜನರನ್ನು 224 ಸೀಟಿಗೆ ಹಂಚಿದರೆ ಒಂದಕ್ಕೆ 2 ಲಕ್ಷ 73 ಸಾವಿರ. ನಮ್ಮ ಐದು ಸೀಟಿಗೆ ತಲಾ 2 ಲಕ್ಷ 78 ಸಾವಿರ ಬೀಳುತ್ತದೆ. ನಮ್ಮ ಪಾಲು ಸರಿಯಾಗಿದೆ. ಆದರೆ ಬೆಂಗಳೂರು ನಗರ ಜಿಲ್ಲೆಯ 28 ಸೀಟುಗಳಿಗೆ ತಲಾ 3 ಲಕ್ಷ 44 ಸಾವಿರ. 2011ರ ಅಂಕಿಯ ಮೇಲೆಯೇ ಅದಕ್ಕೆ 35 ಸೀಟು ನ್ಯಾಯವಾಗಿ ಸಲ್ಲಬೇಕಿತ್ತು. ಒಟ್ಟು ಸೀಟು ಹೆಚ್ಚದಿದ್ದರೆ ಆ ಏಳು ಎಲ್ಲಿಂದ ಬರಬೇಕು? ಬೇರೆ ಜಿಲ್ಲೆಗಳಿಂದಲೇ. 2027ರ ಎಣಿಕೆಯಲ್ಲಿ ಈ ಅಂತರ ಇನ್ನೂ ಅಗಲವಾಗುತ್ತದೆ, ಅದರಲ್ಲಿ ನಮ್ಮ ಬೀಗ ಹಾಕಿದ ಮನೆಗಳ ಪಾಲೂ ಇರುತ್ತದೆ.

ಬೆಂಗಳೂರಿಗೆ ಹೆಚ್ಚು ಸೀಟು ಸಲ್ಲಬಾರದು ಎಂಬುದು ನನ್ನ ಮಾತಲ್ಲ. ಅಲ್ಲೇ ಮನೆ ಮಾಡಿ, ಮಕ್ಕಳನ್ನು ಅಲ್ಲೇ ಸಾಲಿಗೆ ಹಾಕಿದವರು ಅಲ್ಲೇ ಎಣಿಕೆಯಾಗಲಿ, ಅಲ್ಲೇ ಓಟು ಹಾಕಲಿ, ಅದು ಸರಿ. ನಾಲ್ಕು ತಿಂಗಳು ಗಾರೆ ಹೊತ್ತು ಎಂಟು ತಿಂಗಳು ಹನುಮಸಾಗರದ ಸಂತೆಯಲ್ಲಿ ಕಾಣಿಸುವವನ ಮಾತು ನಾನಾಡುತ್ತಿರುವುದು. ಅವನ ರೇಷನ್ ಕಾರ್ಡು ಇಲ್ಲಿ, ಕೆರೆ ಇಲ್ಲಿ, ಹೊಲ ಇಲ್ಲಿ, ದೇವರು ಇಲ್ಲಿ. ಅವನ ತಲೆಯನ್ನು ಅಲ್ಲಿ ಬರೆದುಕೊಂಡ ಕ್ಷೇತ್ರದಲ್ಲಿ ಅವನನ್ನು ಕೇಳುವವರಿಲ್ಲ, ಅವನ ಓಟು ಅಲ್ಲಿಲ್ಲ. ಓಟು ಇರುವ ಕ್ಷೇತ್ರದಲ್ಲಿ ಅವನ ತಲೆಗೆ ಲೆಕ್ಕವಿಲ್ಲ.

ದೆಹಲಿಯ ಪಾಲಿನ ಮಾತು ಬಂದಾಗ ನಾವೆಲ್ಲ ಒಂದೇ ದನಿಯಲ್ಲಿ ಕೂಗುತ್ತೇವೆ. 1971ರಲ್ಲಿ ದೊಡ್ಡ ರಾಜ್ಯಗಳಿಗೆಲ್ಲ ಹತ್ತು ಲಕ್ಷಕ್ಕೊಂದು ಸೀಟಿನ ಆಜುಬಾಜು ಇತ್ತು. 2011ರಲ್ಲಿ ಉತ್ತರ ಪ್ರದೇಶದ ಒಬ್ಬ ಸಂಸದನ ಹಿಂದೆ 25 ಲಕ್ಷ, ನಮ್ಮಲ್ಲಿ 21 ಲಕ್ಷ 80 ಸಾವಿರ, ಕೇರಳದಲ್ಲಿ 16 ಲಕ್ಷ 70 ಸಾವಿರ. ಬರೀ ತಲೆ ಎಣಿಸಿದರೆ ದಕ್ಷಿಣಕ್ಕೆ ನಷ್ಟ, ಕುಟುಂಬ ಯೋಜನೆ ಪಾಲಿಸಿದ್ದಕ್ಕೆ ಶಿಕ್ಷೆ ಎನ್ನುತ್ತೇವೆ. ಈ ಮಾತಿನಲ್ಲಿ ಸತ್ಯವಿದೆ, ನಾನೂ ಒಪ್ಪುತ್ತೇನೆ. ಆದರೆ ಬಂಧುಗಳೆ, ಅಲ್ಲಿ ‘ತಲೆ ಮಾತ್ರ ಎಣಿಸಬೇಡಿ’ ಎನ್ನುವ ರಾಜ್ಯ ತನ್ನ ಮನೆಯೊಳಗೆ ತಲೆ ಮಾತ್ರ ಎಣಿಸಿ ಸೀಟು ಹಂಚಿಕೊಂಡರೆ ಹೇಗೆ? ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗೆ ಸೇರಿ ಈಗ 41 ಸೀಟು. ಹಿಂದುಳಿದದ್ದಕ್ಕೇ ತೊಂಬತ್ತೆಂಟನೆಯ ತಿದ್ದುಪಡಿಯಲ್ಲಿ 371ಜೆ ಪಡೆದ ಸೀಮೆ ನಮ್ಮದು. ಉದ್ಯೋಗದಲ್ಲಿ, ಶಿಕ್ಷಣದಲ್ಲಿ ಹಿಂದುಳಿದಿದ್ದೀರಿ ಎಂದು ಕೈಹಿಡಿದ ಸಂವಿಧಾನ, ದುಡಿಮೆ ಇಲ್ಲದೆ ಊರು ಬಿಟ್ಟದ್ದಕ್ಕೆ ಸೀಟು ಕಳೆದುಕೊಳ್ಳಿ ಎನ್ನಬಾರದು. ನನ್ನ ಅಳಿಯನಿಗೆ ಹೇಳಿದ ಪರೀಕ್ಷೆ ನಮಗೂ ಸಲ್ಲುತ್ತದೆ: ದೆಹಲಿಯ ವಿರುದ್ಧ ನಾವು ಹಿಡಿಯುವ ತಕ್ಕಡಿಯನ್ನೇ ವಿಧಾನಸೌಧದ ಒಳಗೂ ಹಿಡಿಯಬೇಕು.

ನಮಗೆ ಹೌದು-ಬೇಡ ಎನ್ನುವ ಓಟು ಇಲ್ಲ ಎಂದೆ. ಆದರೆ ಏನೂ ಇಲ್ಲ ಎಂದಲ್ಲ. ಕಳೆದ ಬಾರಿಯ 2002ರ ಕಾಯ್ದೆಯ ಪ್ರಕಾರ ಆಯೋಗ ತನ್ನ ಕರಡನ್ನು ಪ್ರಕಟಿಸಬೇಕು, ಆಕ್ಷೇಪಣೆಗೆ ದಿನ ಗೊತ್ತು ಮಾಡಬೇಕು, ಬಂದ ಆಕ್ಷೇಪಣೆಗಳನ್ನೆಲ್ಲ ಪರಿಶೀಲಿಸಬೇಕು, ಬಹಿರಂಗ ಸಭೆ ನಡೆಸಬೇಕು. ನಮ್ಮಂಥ ದೊಡ್ಡ ರಾಜ್ಯದಿಂದ ಐವರು ಸಂಸದರು, ಐವರು ಶಾಸಕರು ಸಹಸದಸ್ಯರಾಗಿ ಕೂರುತ್ತಾರೆ, ಅವರಿಗೂ ಓಟಿಲ್ಲ. ಅಂದರೆ ಆ ಕೋಣೆಯಲ್ಲಿ ಶಾಸಕನ ಮಾತಿಗೂ ಇರಕಲ್ಲಗಡದ ರೈತನ ಅರ್ಜಿಗೂ ಬಹಳ ಅಂತರವಿಲ್ಲ, ಅರ್ಜಿ ಅಲ್ಲಿಗೆ ತಲುಪಿದರೆ. ಅಂತಿಮ ಆದೇಶ ಹೊರಬಿದ್ದ ಮೇಲೆ ಅದಕ್ಕೆ ಕಾನೂನಿನ ಬಲ. ಉಜ್ಜಯಿನಿಯ ಮೇಘರಾಜ್ ಕೊಠಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1966ರಲ್ಲೇ ಆ ಬಾಗಿಲು ಮುಚ್ಚಿತ್ತು. 2024ರಲ್ಲಿ ಅದೇ ಕೋರ್ಟು, ಆದೇಶ ತೀರ ಮನಬಂದಂತಿದ್ದರೆ ಪರಿಶೀಲಿಸಬಹುದು ಎಂದು ಒಂದು ಕಿಟಕಿ ತೆರೆದಿದೆ. ಕಿಟಕಿ ನಂಬಿಕೊಂಡು ಕೂರುವುದು ಬೇಡ. ಆಕ್ಷೇಪಣೆಯ ಆ ಕೆಲವು ದಿನಗಳೇ ನಮ್ಮ ಮತಗಟ್ಟೆ.

ಅಲ್ಲಿ ಏನು ಕೇಳಬೇಕು? ‘ನಮ್ಮ ಜಾತಿಯವರು ಒಂದೇ ಕಡೆ ಬರಲಿ’ ಎಂಬ ಅರ್ಜಿ ಸಾವಿರ ಬರುತ್ತವೆ, ಬರೆಸುವವರೂ ಸಿದ್ಧರಿದ್ದಾರೆ. ಅಂಥದಕ್ಕೆ ನಾನು ಸಹಿ ಹಾಕುವುದಿಲ್ಲ. ಕಾಯ್ದೆ ಕೇಳುವುದು ಬೇರೆ: ಒಂದಕ್ಕೊಂದು ಹತ್ತಿಕೊಂಡ ಪ್ರದೇಶ, ನಿಸರ್ಗದ ಎಲ್ಲೆ, ಆಡಳಿತದ ಗಡಿ, ಹೋಗಿಬರುವ ದಾರಿ, ಜನರ ಅನುಕೂಲ. ಇದರಲ್ಲಿ ಆಡಳಿತದ ಗಡಿಗೆ ನನ್ನ ಮೊದಲ ಅರ್ಜಿ. 2008ರ ನಂತರ ಯಲಬುರ್ಗಾದಿಂದ ಕುಕನೂರು, ಗಂಗಾವತಿಯಿಂದ ಕಾರಟಗಿ, ಕನಕಗಿರಿ ಬೇರೆ ತಾಲೂಕುಗಳಾದವು. ನಾಲ್ಕಿದ್ದವು ಏಳಾಗಿವೆ. ಹೋಬಳಿ ಒಂದು ತಾಲೂಕಿನದು, ಶಾಸಕ ಇನ್ನೊಂದು ತಾಲೂಕಿನವ ಎಂಬ ಸ್ಥಿತಿ ಇನ್ನಷ್ಟು ಕಡೆ ಹುಟ್ಟದಂತೆ ನೋಡಿಕೊಳ್ಳಬೇಕು.

ನೀರಿನ ವಿಷಯದಲ್ಲಿ ನನ್ನ ಮನಸ್ಸು ಎರಡು ಕಡೆ ಎಳೆದಾಡಿದೆ. ಎಡದಂಡೆ ಕಾಲುವೆಯ ಭತ್ತದ ಸೀಮೆ ಒಂದು ಕ್ಷೇತ್ರ, ಮಳೆ ನೆಚ್ಚಿದ ಸಜ್ಜೆ, ಜೋಳ, ಕಡಲೆಯ ಸೀಮೆ ಇನ್ನೊಂದು ಕ್ಷೇತ್ರ ಎಂದು ಮಾಡಿದರೆ ಒಬ್ಬೊಬ್ಬ ಶಾಸಕನಿಗೂ ಒಂದೊಂದೇ ದನಿ ಇರುತ್ತದಲ್ಲ ಎಂದು ಮೊದಲು ಅನಿಸಿತ್ತು. 2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟಿನ ಹತ್ತೊಂಬತ್ತನೆಯ ಗೇಟು ಕೊಚ್ಚಿಹೋದಾಗ ಮನಸ್ಸು ಬದಲಾಯಿತು. ಆ ರಾತ್ರಿ ಹೊಟ್ಟೆಯಲ್ಲಿ ಕಲ್ಲು ಬಿದ್ದದ್ದು ಸಿಂಧನೂರಿನ ರೈತನಿಗೆ, ಸಿರುಗುಪ್ಪದ ರೈತನಿಗೆ, ಕಾರಟಗಿಯ ಅಕ್ಕಿ ಗಿರಣಿಯವನಿಗೆ. ಗದ್ದೆಯಲ್ಲಿ ನಾಟಿಗೆ, ಕೊಯ್ಲಿಗೆ ಹೋಗುವ ಕೂಲಿಯ ಹೆಂಗಸರಿಗೂ ಅಷ್ಟೇ. ಅವರಲ್ಲಿ ಎಷ್ಟೋ ಜನ ಒಣಭೂಮಿಯ ಊರಿನವರು. ಭತ್ತದ ಸೀಮೆಯ ಶಾಸಕ ಒಣಸೀಮೆಯ ಮನೆಬಾಗಿಲಿಗೆ ಓಟು ಕೇಳಲು ಹೋಗಬೇಕಾಗಿ ಬರಲಿ. ಕಾರಟಗಿಯ ಗದ್ದೆಯೂ ಹುಲಿಹೈದರದ ಮಸಾರಿಯೂ ಇಂದು ಕನಕಗಿರಿ ಎಂಬ ಒಂದೇ ಕ್ಷೇತ್ರದಲ್ಲಿವೆ. ನವಲಿಯ ಬಳಿ ಸಮಾನಾಂತರ ಜಲಾಶಯದ ಮಾತು ಬಂದಾಗಲೆಲ್ಲ ನೀರು ಪಡೆಯುವವರೂ ನೆಲ ಕೊಡಬೇಕಾದವರೂ ಒಬ್ಬನೇ ಪ್ರತಿನಿಧಿಯ ಮುಂದೆ ನಿಲ್ಲುತ್ತಾರೆ. ಅದು ಹಾಗೇ ಇರಲಿ ಎಂದು ಕೇಳುತ್ತೇನೆ.

ಇನ್ನೊಂದು ಎಚ್ಚರಿಕೆ ನಮ್ಮ ಕಣ್ಣೆದುರೇ ಇದೆ. ಜಿಲ್ಲಾ ಪಂಚಾಯಿತಿ, ತಾಲೂಕು ಪಂಚಾಯಿತಿಗೆ ನಾವು ಕೊನೆಯ ಸಲ ಓಟು ಹಾಕಿದ್ದು 2016ರ ಫೆಬ್ರುವರಿಯಲ್ಲಿ. ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಆ ವರ್ಷವೇ ಸರ್ಕಾರ ಕಾಯ್ದೆ ತಿದ್ದಿ, ಗಡಿ ಬರೆಯುವ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ತೆಗೆದು ಬೇರೆ ಆಯೋಗಕ್ಕೆ ಕೊಟ್ಟಿತು. ಪಕ್ಷ ಬದಲಾಯಿತು, ಮುಖ್ಯಮಂತ್ರಿ ಬದಲಾದರು, ಇವತ್ತಿಗೂ ಚುನಾವಣೆ ಆಗಿಲ್ಲ. ಇಪ್ಪತ್ತಾರು ವರ್ಷದ ಯುವಕನೊಬ್ಬ ಯಲಬುರ್ಗಾದಲ್ಲಿ ತನ್ನ ತಾಲೂಕು ಪಂಚಾಯಿತಿಗೆ ಒಮ್ಮೆಯೂ ಓಟು ಹಾಕಿಲ್ಲ. ವಕ್ರ ಗೆರೆಯಿಂದ ಆಗುವ ಅನ್ಯಾಯದ ಬಗ್ಗೆ ಅಮೆರಿಕದಲ್ಲಿ ಇನ್ನೂರು ವರ್ಷದಿಂದ ಬರೆಯುತ್ತಿದ್ದಾರೆ. ಎಳೆಯದೇ ಇಟ್ಟ ಗೆರೆಯಿಂದಲೂ ಅಷ್ಟೇ ಅನ್ಯಾಯವಾಗುತ್ತದೆ ಎಂದು ನಾವು ಅವರಿಗೆ ಹೇಳಬಹುದು. ನಾಲ್ಕು ವರ್ಷ ಮೀರಿ ನಾವು ಇದನ್ನು ಸಹಿಸಿಕೊಂಡಿದ್ದೇವೆ ಎಂಬುದು ನನಗೆ ನಾಚಿಕೆಯ ವಿಷಯ.

2027ರ ಫೆಬ್ರುವರಿಗೆ ಇನ್ನು ಹದಿನಾಲ್ಕು ತಿಂಗಳು. ಸುಳ್ಳು ಬರೆಸಿ ಎಂದು ನಾನು ಯಾರಿಗೂ ಹೇಳುವುದಿಲ್ಲ, ಗಣತಿದಾರನಾಗಿ ಕೆಲಸ ಮಾಡಿದವನು ಹೇಳಲಾರೆ. ಎಣಿಕೆಯ ದಿನಗಳಲ್ಲಿ ನಾಲ್ಕು ದಿನ ಊರಿಗೆ ಬಂದು ಹೋಗುವ ವ್ಯವಸ್ಥೆಯಾಗಲಿ. ಗ್ರಾಮ ಪಂಚಾಯಿತಿಗಳು ಗುಳೆ ಹೋದವರ ಹೆಸರು, ಫೋನ್ ನಂಬರು ಈಗಿಂದಲೇ ಬರೆದಿಡಲಿ. ಉದ್ಯೋಗ ಖಾತ್ರಿಯ ಕೆಲಸವನ್ನು ಆ ತಿಂಗಳು ಊರಲ್ಲೇ ತೆರೆದರೆ ಬೀಗಗಳು ತಾವಾಗಿ ತೆರೆಯುತ್ತವೆ.

ಆ ಅಜ್ಜಿ ಈಗಿಲ್ಲ. ಅವಳ ಮೊಮ್ಮಗ ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಾನೆ. ಮೊನ್ನೆ ಫೋನಿನಲ್ಲಿ ಕೇಳಿದೆ, ‘ಆ ಫೆಬ್ರುವರಿಯಾಗ ನಾಕು ದಿನ ತಾಂಡಾಕ ಬರ್ತೀಯೇನಪ್ಪಾ, ಹೆಂಡ್ತಿ ಮಕ್ಕಳನ ಕರ್ಕೊಂಡು?’ ‘ಮೇಸ್ತ್ರಿ ಬಿಟ್ರ ಬರ್ತೀನ್ರಿ ಸರ’ ಎಂದ. ಮೇಸ್ತ್ರಿಯ ನಂಬರು ತೆಗೆದುಕೊಂಡಿದ್ದೇನೆ. ಅವನೂ ಕುಷ್ಟಗಿ ಕಡೆಯವನೇ ಅಂತೆ.